ಕಟ್ಟಕಡೆಗೆ ಮುಗಿಸುವುದು ಯಾವುದು?

ಮಗಳೇ, ಐಐಎಸ್‌ಸಿಯ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಲ್ಲಿ ಹವಾಮಾನದ ಮಾಡೆಲ್ ಓಡಿಸುವ ಕೆಲಸ ಸಿಕ್ಕಿತಂತೆ, ಕೇಳಿ ಹಿಗ್ಗಾಯಿತು. ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ಸಾವಿರಾರು ಪ್ರೊಸೆಸರ್ ಕೋರ್ ಇವೆಯೆಂದು ನಕ್ಷೆಯನ್ನು ಸಮಸಮ ಚೌಕ ಮಾಡಿ ಒಂದೊಂದಕ್ಕೆ ಒಪ್ಪಿಸಿಬಿಡಬೇಡ. ನೆಲ ಸಮನಾದ ಮಾತ್ರಕ್ಕೆ ಕೆಲಸ ಸಮನಾಗದು.

ನಮ್ಮ ಸೀಮೆಯನ್ನೇ ನೋಡು. ಗೋಪಾಲಸ್ವಾಮಿ ಬೆಟ್ಟ 1,450 ಮೀಟರಿನಷ್ಟು ಎತ್ತರ, ಮೇಲೆ ಮಂಜು ಮುಸುಕಿರುತ್ತದೆ. ಕೆಳಗೆ ಗುಂಡ್ಲುಪೇಟೆ ಮಳೆನೆರಳಿನ ನಾಡು. ಮೋಡ ಕಟ್ಟಿ ಮಳೆ ಸುರಿಯುವ ಚೌಕದ ಲೆಕ್ಕ ಭಾರ, ತಿಳಿ ಆಕಾಶದ್ದು ಹಗುರ. ಬಿಸಿಲಿದ್ದಾಗ ಒಂದು ಲೆಕ್ಕ, ರಾತ್ರಿ ಇನ್ನೊಂದು. ಪ್ರತಿ ಸುತ್ತಿನಲ್ಲೂ ಅಂಚಿನ ಅಂಕಿಗಳು ಅಕ್ಕಪಕ್ಕದ ಚೌಕಕ್ಕೆ ತಲುಪಬೇಕಲ್ಲ? ಬೆಟ್ಟದ ಚೌಕ ಹಿಡಿದ ಪ್ರೊಸೆಸರ್ ಇನ್ನೂ ಏಗುತ್ತಿದ್ದರೆ ಉಳಿದವು ಕಾದು ಕೂರುತ್ತವೆ, ಕರೆಂಟು ಮಾತ್ರ ಉರಿಯುತ್ತಲೇ ಇರುತ್ತದೆ. ಅದಕ್ಕೇ ಸರಾಸರಿ ನೋಡಬೇಡ ಕಣಮ್ಮ, ಕಟ್ಟಕಡೆಗೆ ಮುಗಿಸುವುದು ಯಾವುದೆಂದು ನೋಡು.

ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಕೆಲಸಗಳಿದ್ದರೆ ದೊಡ್ಡದನ್ನು ಮೊದಲು ಹಚ್ಚು. ಎರಡು ಪ್ರೊಸೆಸರ್, ಒಂದೊಂದು ಗಂಟೆಯ ನಾಲ್ಕು ಕೆಲಸ, ನಾಲ್ಕು ಗಂಟೆಯದು ಒಂದು ಎಂದುಕೋ. ಚಿಕ್ಕವನ್ನೆಲ್ಲ ಮೊದಲು ಹಂಚಿದರೆ ಮುಗಿಯಲು 6 ಗಂಟೆ, ದೊಡ್ಡದನ್ನು ಮೊದಲು ಹಚ್ಚಿದರೆ 4. ಈ ಕ್ರಮ ಹಿಡಿದರೆ ಎಷ್ಟೇ ಕೆಟ್ಟರೂ, ಅತ್ಯುತ್ತಮ ಹಂಚಿಕೆಗೆ ಹಿಡಿಯುವ ಹೊತ್ತಿನ ಮೇಲೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತಡವಾಗದೆಂದು ಬೆಲ್ ಲ್ಯಾಬ್ಸ್‌ನ ರೊನಾಲ್ಡ್ ಗ್ರಹಾಂ 1969ರಲ್ಲೇ ಸಾಧಿಸಿ ತೋರಿಸಿದರು. ಕೆಲಸದ ಅಳತೆ ಮುಂಚೆ ತಿಳಿಯದಿದ್ದರೆ? ಬೆಟ್ಟದ ಬುಡದಲ್ಲಿ ಸಾರಿಗೆ ಬಸ್ಸಿಗೆ ಕಾಯುವ ಜನರನ್ನು ನೋಡಿದ್ದೀಯಲ್ಲ, ಮೊದಲು ಇಳಿದು ಬಂದ ಬಸ್ಸಿಗೆ ಅವರು ಹತ್ತುವಂತೆ, ಯಾವ ಪ್ರೊಸೆಸರ್ ಮೊದಲು ಬಿಡುವಾಯಿತೋ ಅದಕ್ಕೆ ಮುಂದಿನ ಕೆಲಸ ಹತ್ತಿಸು.

ಹಾಗೆಂದು ಹಂಚಲು ಸುಲಭವಾಗಲೆಂದು ನಕ್ಷೆಯನ್ನು ತೀರಾ ಸಣ್ಣಗೆ ಕತ್ತರಿಸಿದರೆ ಲೆಕ್ಕಕ್ಕಿಂತ ಅಂಕಿ ಸಾಗಿಸುವುದಕ್ಕೇ ಹೊತ್ತು ಹೋಗುತ್ತದೆ. ನೆರೆಹೊರೆಯ ಚೌಕಗಳನ್ನು ಆದಷ್ಟು ಒಂದೇ ನೋಡ್‌ನಲ್ಲಿ, ಅಂದರೆ ಒಂದೇ ಪೆಟ್ಟಿಗೆಯ ಪ್ರೊಸೆಸರ್‌ಗಳಲ್ಲಿ ಇಡು.

1986ರಲ್ಲಿ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ದೇಶದ ಮೊದಲ ಸಮಾಂತರ ಕಂಪ್ಯೂಟರ್ ಫ್ಲೋಸಾಲ್ವರ್ ಕಟ್ಟಿದವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ಪ್ರೊಸೆಸರ್. ಅಲ್ಲಿ ಒಂದು ಸುಮ್ಮನೆ ಕೂತರೂ ಎದ್ದು ಕಾಣುತ್ತಿತ್ತು. ನಿನ್ನ ಯಂತ್ರದಲ್ಲಿ ನೂರು ಕೂತರೂ ಕಣ್ಣಿಗೆ ಬೀಳದು, ನನಗಿರುವ ಕಳವಳ ಅದೇ. ಮೊದಲ ವಾರ ಕೋಡ್ ತಿದ್ದಲು ಹೋಗಬೇಡ. ಪ್ರತಿ ಪ್ರೊಸೆಸರ್ ಲೆಕ್ಕಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿತು, ಕಾಯುವುದರಲ್ಲಿ ಎಷ್ಟು ಕಳೆಯಿತು ಎಂದು ಬೇರೆಬೇರೆ ಬರೆಸು. ಆ ಪಟ್ಟಿ ನನಗೂ ಕಳಿಸು, ಜೊತೆಗೆ ಕೂತು ನೋಡೋಣ.