ಚುಕ್ಕಿಯದೇನೂ ತಪ್ಪಿರಲಿಲ್ಲ

ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬೋರ್ ಆಗಿ ಲೇಥಿನಿಂದ ಬಂದಾಗ, ಮಿಕ್ಕ ಜೋಡಣೆ ನನ್ನದೇ ಎಂದು ಹಟ ಹಿಡಿದೆ. ಟೈಮಿಂಗ್ ಚೈನು ಸಡಿಲಾಗಿ ಎಷ್ಟೋ ದಿನದಿಂದ ಮುಂದುಗಡೆ ಕರಕರ ಅನ್ನುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಹೊಸ ಚೈನು, ಜೊತೆಗೆ ಎರಡೂ ಸ್ಪ್ರಾಕೆಟ್ ತಂದೆ. ಸವೆದ ಹಲ್ಲಿಗೆ ಹೊಸ ಚೈನು ಹಾಕಿದರೆ ದುಡ್ಡು ದಂಡ.

ನೋಡುವುದಕ್ಕೆ ಸುಲಭದ ಕೆಲಸ. ಕ್ರ್ಯಾಂಕಿನ ಚಕ್ರಕ್ಕಿರುವ ಹಲ್ಲಿನ ಇಮ್ಮಡಿ ಕ್ಯಾಮಿನದಕ್ಕೆ. ಅದು ಎರಡು ಸುತ್ತು ಹಾಕಿದರೆ ಇದು ಒಂದು. ಒಂದೊಂದರ ಮೇಲೂ ಒಂದು ಚುಕ್ಕಿ. ಚುಕ್ಕಿಗಳನ್ನು ಎದುರುಬದುರು ಮಾಡಿ, ಚೈನು ಸಮೇತ ಎರಡೂ ಚಕ್ರಗಳನ್ನು ಒಟ್ಟಿಗೇ ಶಾಫ್ಟುಗಳಿಗೆ ತಳ್ಳಬೇಕು. ಒಂದೊಂದಾಗಿ ಕೂರಿಸಲು ಹೋಗಿ ಬೆರಳು ಜಜ್ಜಿಕೊಂಡೆ. ಆಮೇಲೆ ಚಕ್ರಗಳ ಮುಖಕ್ಕೆ ಸ್ಟೀಲ್ ಪಟ್ಟಿ ಅಡ್ಡ ಹಿಡಿದು, ಎರಡೂ ಒಂದೇ ಸಾಲಿನಲ್ಲಿರುವಂತೆ ಕ್ರ್ಯಾಂಕ್ ಚಕ್ರದ ಹಿಂದೆ ಶಿಮ್ ಕೊಟ್ಟೆ. ಆಯಿಲ್ ಥ್ರೋವರ್ ಮೇಲಿನ 'ಎಫ್' ಅಕ್ಷರ ಹೊರಮುಖವಾಗಿರಬೇಕು ಅನ್ನುವುದು ಹೇಗೋ ಗೊತ್ತಿತ್ತು. ಕವರಿನ ಬೋಲ್ಟುಗಳನ್ನು ಬಿಗಿಯುವ ಮೊದಲು ಪುಲ್ಲಿ ತೂರಿಸಿ ಸೀಲನ್ನು ನಡುಮಧ್ಯಕ್ಕೆ ತಂದಿದ್ದಕ್ಕೆ ಇವತ್ತಿಗೂ ಅಲ್ಲಿ ಒಂದು ತೊಟ್ಟು ಎಣ್ಣೆ ಸೋರಿಲ್ಲ. ಇಷ್ಟು ಜಂಬ ಸಾಕು.

ಡಿಸ್ಟ್ರಿಬ್ಯೂಟರ್ ಡ್ರೈವ್ ಇಳಿಸುವಾಗ ಪುಲ್ಲಿಯ ಗೀಟು ಕವರಿನ ಮುಳ್ಳಿಗೆ ಸೇರಿತ್ತು. ಒಂದನೇ ಪಿಸ್ಟನ್ ಮೇಲಿದೆಯಲ್ಲ, ಇನ್ನೇನು ಅಂದುಕೊಂಡು ಇಳಿಸಿಬಿಟ್ಟೆ.

ಸೆಲ್ಫ್ ಹೊಡೆದರೆ ಕಾರ್ಬ್ಯುರೇಟರ್ ಬಾಯಿಂದ ಢಮಾರ್! ಇನ್ನೊಮ್ಮೆ ಹೊಡೆದೆ, ಮತ್ತೆ ಢಮಾರ್. ಚೈನು ಒಂದು ಹಲ್ಲು ಜಾರಿದೆ ಎಂದು ತೀರ್ಮಾನಿಸಿ ರೇಡಿಯೇಟರ್, ಪುಲ್ಲಿ, ಕವರ್ ಎಲ್ಲವನ್ನೂ ಮತ್ತೆ ಬಿಚ್ಚಿದೆ. ಎರಡು ದಿನ ಹೋಯಿತು. ನೋಡಿದರೆ ಚುಕ್ಕಿಗಳು ಇಟ್ಟಲ್ಲೇ ಇದ್ದವು. ಸುಮ್ಮನೆ ಎಲ್ಲವನ್ನೂ ವಾಪಸು ಕಟ್ಟಿ, ಅವಮಾನ ನುಂಗಿಕೊಂಡು ನಮ್ಮೂರಿನ ಹಳೇ ಮೇಸ್ತ್ರಿಯನ್ನು ಕರೆತಂದೆ.

ಅವರು ಕವರಿನ ಕಡೆ ತಿರುಗಿಯೂ ನೋಡಲಿಲ್ಲ. ರಾಕರ್ ಕವರ್ ತೆಗೆಸಿ, ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಲು ಹೇಳಿ, ನಾಲ್ಕನೇ ಸಿಲಿಂಡರಿನ ವಾಲ್ವುಗಳನ್ನೇ ದಿಟ್ಟಿಸುತ್ತ ನಿಂತರು. ಎಕ್ಸಾಸ್ಟ್ ಮುಚ್ಚಿಕೊಳ್ಳುತ್ತ ಇನ್ಲೆಟ್ ತೆರೆದುಕೊಳ್ಳುವ ಹೊತ್ತಿಗೆ "ನಿಲ್ಸಿ" ಅಂದರು. ಒಂದು ಮತ್ತು ನಾಲ್ಕನೇ ಪಿಸ್ಟನ್‌ಗಳು ಒಟ್ಟಿಗೇ ಮೇಲೇರುತ್ತವೆ, ಆದರೆ ಬೆಂಕಿ ಬೀಳಬೇಕಾದ್ದು ಒಂದಕ್ಕೇ. ನಾಲ್ಕರ ವಾಲ್ವುಗಳು ಹೀಗೆ ತೂಗಾಡಿದರೆ ಸರದಿ ಒಂದರದು. ಪುಲ್ಲಿಯ ಗೀಟಿಗೆ ಇದು ಗೊತ್ತಿಲ್ಲ. ಅದು ಎರಡು ಸರದಿಯಲ್ಲೂ ಮುಳ್ಳಿಗೆ ಬಂದು ನಿಲ್ಲುತ್ತದೆ. ನಾನು ಡ್ರೈವ್ ಇಳಿಸಿದ್ದು ನಾಲ್ಕರ ಸರದಿಯಲ್ಲಿ, ಅರ್ಧ ಸುತ್ತು ತಿರುವಾಗಿ.

ಮೇಸ್ತ್ರಿ ಕ್ಯಾಪಿನಿಂದ ನಾಲ್ಕೂ ವಯರ್ ಕಿತ್ತು, ಒಂದರ ಜಾಗಕ್ಕೆ ನಾಲ್ಕು, ಮೂರರ ಜಾಗಕ್ಕೆ ಎರಡು ಅದಲುಬದಲು ಮಾಡಿ ಚುಚ್ಚಿದರು. ಎಂಜಿನ್ ಒಂದೇ ಸೆಲ್ಫಿಗೆ ಎದ್ದಿತು. ಡ್ರೈವನ್ನು ಎತ್ತಿ ಸರಿಯಾಗಿ ಕೂರಿಸೋಣವೇ ಅಂದೆ. "ಓಡ್ತಾ ಇದೆಯಲ್ಲ, ಬಿಡಿ," ಎಂದು ಕೈ ಒರೆಸಿಕೊಂಡರು.

ಬಿಟ್ಟೆ. ಈಗ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಪಕ್ಕದಲ್ಲಿ ನಿಲ್ಲುತ್ತೇನೆ. ವಯರುಗಳು ತಿರುವಾಗಿವೆ ಎಂದು ಕೈ ಚಾಚುವಷ್ಟರಲ್ಲಿ ತಡೆಯಬೇಕು.