ನಿನ್ನ ಹೆಸರು ಯಾವ ವಾಕ್ಯದಲ್ಲಿದೆ?

ಕೊಯಮತ್ತೂರು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. ಚಂದ್ರನ ಮಣ್ಣಿನ ಬಗ್ಗೆ ನೀನು ಬರೆದ ಮೊದಲ ಪ್ರಬಂಧ ಅಚ್ಚಾಗಿ ಒಂದೂವರೆ ವರ್ಷವಾಯಿತು, ಸೈಟೇಷನ್ ಬಂದಿರುವುದು ನಾಲ್ಕೇ. ಪಕ್ಕದ ಲ್ಯಾಬಿನ ಹುಡುಗನಿಗೆ ಅರವತ್ತು ದಾಟಿದೆಯಂತೆ. "ಎಚ್-ಇಂಡೆಕ್ಸ್ ಒಂದು ಅಂತ ತೋರಿಸಿದ್ರೆ ಕೆಲಸ ಯಾರು ಕೊಡ್ತಾರೆ ದೊಡ್ಡಪ್ಪ?" ಅಂದೆ. ಆಗ ನನಗೆ ತಕ್ಕ ಮಾತು ಹೊಳೆಯಲಿಲ್ಲ. ಅದಕ್ಕೇ ಈ ಕಾಗದ.

ಎಣಿಕೆಗೆ ಬೆಲೆಯಿಲ್ಲ ಎಂದು ನಾನು ಹೇಳಲಾರೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಈ ಸೂಚ್ಯಂಕ ಮುಂದಿಟ್ಟರು. ಹತ್ತು ಸಲವಾದರೂ ಉಲ್ಲೇಖಗೊಂಡ ಪ್ರಬಂಧಗಳು ಹತ್ತಿದ್ದರೆ ಹತ್ತು, ಅಷ್ಟೇ ಅದರ ಲೆಕ್ಕ. ಅಂದಿನಿಂದ ಸಂದರ್ಶನಕ್ಕೆ ಕೂತವರೆಲ್ಲ ಅದನ್ನು ಕೇಳುತ್ತಾರೆ. ಆದರೆ ನಿನ್ನಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮಾಡುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಹೊಲಿಗೆಯ ಎರಡೂ ಬದಿ ಹೆಬ್ಬೆರಳಿಟ್ಟು ಜಗ್ಗಿ, ಬೆಳಕಿಗೆ ಹಿಡಿದು, ಆಮೇಲೆ ಪಕ್ಕಕ್ಕಿಡುತ್ತಾನೆ. ದಿನಕ್ಕೆ ಎಷ್ಟು ಪೀಸ್ ಎಂಬುದು ರಿಜಿಸ್ಟರಿನಲ್ಲಿರುತ್ತದೆ. ಹೊಲಿಗೆ ನಿಲ್ಲುತ್ತದೋ ಇಲ್ಲವೋ ಎಂಬುದು ಅವನ ಬೆರಳಿಗೆ ಮಾತ್ರ ಗೊತ್ತು.

ಪ್ರಬಂಧವೂ ಹಾಗೇ. ನಮ್ಮ ಪೊಳ್ಳಾಚಿ ಬಳಿಯ ಕೋದವಾಡಿಯ ಮೇಷ್ಟರ ಮಗ ಮಯಿಲ್‌ಸ್ವಾಮಿ ಅಣ್ಣಾದುರೈ ನಿನಗೆ ಗೊತ್ತಿರುವವರೇ. ಇದೇ ಕೊಯಮತ್ತೂರಿನ ಜಿಸಿಟಿ, ಪಿಎಸ್‌ಜಿ ಕಾಲೇಜುಗಳಲ್ಲಿ ಓದಿ 1982ರಲ್ಲಿ ಇಸ್ರೋ ಸೇರಿದರು, ಚಂದ್ರಯಾನ-1ರ ಯೋಜನಾ ನಿರ್ದೇಶಕರಾದರು. 2009ರ ಅಕ್ಟೋಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ಚಂದ್ರನ ಮೇಲ್ಮೈಯಲ್ಲಿ ನೀರು ಮತ್ತು ಹೈಡ್ರಾಕ್ಸಿಲ್‌ನ ಗುರುತಿದೆ ಎಂದು ಸಾರಿದ ಪ್ರಬಂಧ ಬಂತಲ್ಲ, ಅದರಲ್ಲಿ ಮೊದಲ ಹೆಸರು ಬ್ರೌನ್ ವಿಶ್ವವಿದ್ಯಾಲಯದ ಕಾರ್ಲೆ ಪೀಟರ್ಸ್, ಎರಡನೆಯದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಜೆ.ಎನ್. ಗೋಸ್ವಾಮಿ, ನಾಲ್ಕನೆಯದು ಅಣ್ಣಾದುರೈ. ಚಂದ್ರನ ನೀರಿನ ಬಗ್ಗೆ ಕೆಲಸ ಮಾಡುವವರು ಇಂದಿಗೂ ಅದನ್ನು ಉಲ್ಲೇಖಿಸದೆ ಮುಂದೆ ಹೋಗುವುದು ಕಷ್ಟ.

ಯಾಕೆ ಎಂದು ಯೋಚಿಸು. ಆ ಪ್ರಬಂಧಕ್ಕೆ ಆಧಾರವಾದ, ಚಂದ್ರಯಾನ-1ರಲ್ಲಿದ್ದ ಎಂ-3 ಎಂಬ ನಾಸಾ ಉಪಕರಣ ಕಾಣುತ್ತಿದ್ದುದು 3 ಮೈಕ್ರೋಮೀಟರ್ ತರಂಗಾಂತರದ ತನಕ. ನೀರಿನ ಗುರುತು ಇರುವುದೂ ಸರಿಯಾಗಿ ಆ ಅಂಚಿನಲ್ಲೇ. ಚೂರು ಲೆಕ್ಕ ತಪ್ಪಿದರೂ ಮಾನ ಹೋಗುವ ಜಾಗ. ಹಾಗಾಗಿ ಪೀಟರ್ಸ್ ತಂಡದವರು ತಾವೊಬ್ಬರೇ ಕೂಗಲಿಲ್ಲ. 1999ರಲ್ಲಿ ಶನಿಯ ದಾರಿಯಲ್ಲಿ ಚಂದ್ರನನ್ನು ಹಾದುಹೋದ ಕ್ಯಾಸಿನಿ ನೌಕೆಯ ಹಳೆಯ ದತ್ತಾಂಶವನ್ನು ಹೊರತೆಗೆದರು, ಡೀಪ್ ಇಂಪ್ಯಾಕ್ಟ್ ನೌಕೆಯಿಂದ ಹೊಸದಾಗಿ ನೋಡಿಸಿದರು. ಮೂರೂ ಪ್ರಬಂಧಗಳು ಒಂದೇ ಸಂಚಿಕೆಯಲ್ಲಿ ಬಂದವು. ಜಗ್ಗಿ ನೋಡಿದ ಹೊಲಿಗೆ ಅದು.

ಚಂದ್ರಯಾನ-1 ನೌಕೆ ಎರಡು ವರ್ಷ ಬಾಳಬೇಕಿತ್ತು. 2008ರ ಅಕ್ಟೋಬರ್ 22ಕ್ಕೆ ಹಾರಿದ್ದು 2009ರ ಆಗಸ್ಟ್ ಕೊನೆಗೆ ಮೌನವಾಯಿತು. ಕಣ್ಣು ಮುಚ್ಚಿ ಒಂಬತ್ತು ವರ್ಷವಾದ ಮೇಲೆ, 2018ರಲ್ಲಿ, ಶುವಾಯ್ ಲೀ ಮತ್ತು ಸಂಗಡಿಗರು ಅದೇ ಎಂ-3 ದತ್ತಾಂಶದಲ್ಲಿ ಧ್ರುವಗಳ ಸದಾ ನೆರಳಿನ ಗುಂಡಿಗಳಲ್ಲಿ ಮಂಜುಗಡ್ಡೆ ಗುರುತಿಸಿದರು. 2020ರಲ್ಲಿ ಹೆಮಟೈಟ್ ಸಿಕ್ಕಿತು. ತುಕ್ಕಿನಂಥ ಆ ಖನಿಜ ಚಂದ್ರನ ಮೇಲಿರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. ದತ್ತಾಂಶವನ್ನು ಒಪ್ಪವಾಗಿ ಜೋಡಿಸಿ ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಇದೆಲ್ಲ ಆಯಿತು. ನಿನ್ನ ಪ್ರಬಂಧದ ಅಳತೆಗಳೂ ಕೋಡ್ ಕೂಡ ಯಾರ ಕೈಗಾದರೂ ಸಿಗುವಂತೆ ಇಟ್ಟಿದ್ದೀಯಾ? ಇಲ್ಲವಾದರೆ ಇವತ್ತೇ ಆ ಕೆಲಸ ಮಾಡು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ನೀರಿನ ಗುರುತು ತಂಪಾದ ಎತ್ತರದ ಅಕ್ಷಾಂಶಗಳಲ್ಲಿ ಹೆಚ್ಚು ಗಟ್ಟಿ ಎಂದು ಪೀಟರ್ಸ್ ತಂಡದ 2009ರ ಪ್ರಬಂಧ ಹೇಳಿತ್ತು. ಬಿಸಿಯಾದ ನೆಲ ತಾನೇ ಹೊರಸೂಸುವ ಶಾಖವನ್ನು ಬೇರೆ ಬಗೆಯಲ್ಲಿ ಕಳೆದು ನೋಡಿದರೆ ಅದು ಎಲ್ಲೆಡೆ ಹರಡಿದಂತೆಯೇ ಕಾಣುತ್ತದೆ ಎಂದು 2018ರಲ್ಲಿ ಬ್ಯಾಂಡ್‌ಫೀಲ್ಡ್ ತಂಡ ವಾದಿಸಿತು. ಆ ತಂಡದಲ್ಲಿದ್ದ ರೇಚಲ್ ಕ್ಲೀಮಾ 2009ರ ಪ್ರಬಂಧದ ಲೇಖಕರಲ್ಲೂ ಒಬ್ಬರು! ತನ್ನ ಹೆಸರಿರುವ ಮಾತನ್ನೇ ಮತ್ತೆ ತೂಗಲು ಹೊರಟವರು. ಸೈಟೇಷನ್ ಎಣಿಸುವ ಯಂತ್ರಕ್ಕೆ ಒಪ್ಪಿಗೆಯೂ ಒಂದು, ತಕರಾರೂ ಒಂದು. ಆ ವ್ಯತ್ಯಾಸ ತಿಳಿಯಬೇಕಾದರೆ ವಾಕ್ಯವನ್ನೇ ಓದಬೇಕು.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಎಂ.ಫಿಲ್. ಬರೆಯುವಾಗ ಬೇರೆಯವರ ಪಟ್ಟಿಯಿಂದ ಒಂದು ಆಕರವನ್ನು ಹಾಗೇ ಇಳಿಸಿಕೊಂಡಿದ್ದೆ, ಮೂಲ ನೋಡಿರಲಿಲ್ಲ. ವೈವಾಕ್ಕೆ ಬಂದ ಪರೀಕ್ಷಕರು ಅದರಲ್ಲಿ ಏನಿದೆ ಎಂದು ಮೆಲ್ಲಗೆ ಕೇಳಿದರು. ಪುಟದ ಸಂಖ್ಯೆಯೇ ತಪ್ಪಾಗಿತ್ತು. ಅಂದು ತಗ್ಗಿಸಿದ ತಲೆ ಇವತ್ತಿಗೂ ನೆನಪಾಗುತ್ತದೆ. ಇಂಥ ನಕಲಾದ ಅಚ್ಚಿನ ತಪ್ಪುಗಳನ್ನೇ ಹಿಂಬಾಲಿಸಿ, ಉಲ್ಲೇಖಿಸುವವರಲ್ಲಿ ಮೂಲ ಓದುವವರು ಸುಮಾರು ಶೇಕಡಾ 20 ಮಂದಿ ಮಾತ್ರ ಎಂದು ಸಿಮ್ಕಿನ್ ಮತ್ತು ರಾಯ್‌ಚೌಧುರಿ 2003ರಲ್ಲಿ ಅಂದಾಜಿಸಿದರು. ಪಕ್ಕದ ಲ್ಯಾಬಿನ ಹುಡುಗನ ಆ ಅರವತ್ತು ಸೈಟೇಷನ್‌ಗಳಲ್ಲಿ ಓದಿ ಬಂದವು ಎಷ್ಟೋ ನಮಗೆ ತಿಳಿಯದು. ಆ ಹುಡುಗನ ಮೇಲೆ ಹೊಟ್ಟೆಕಿಚ್ಚು ಬೇಡ. ಆದರೆ "ನೀನು ನನ್ನದನ್ನು ಹಾಕು, ನಾನು ನಿನ್ನದನ್ನು ಹಾಕುತ್ತೇನೆ" ಎಂದು ಯಾರಾದರೂ ಬಂದರೆ, ದುಡ್ಡಿಗೆ ಲೇಖಕರ ಸಾಲಿನಲ್ಲಿ ಜಾಗ ಕೊಡುತ್ತೇವೆಂದು ಸಂದೇಶ ಬಂದರೆ, ಆ ಕಡೆ ತಿರುಗಲೂ ಬೇಡ.

ಹಾಗೆಂದು ಬರೆಯುವುದನ್ನು ತಡ ಮಾಡಬೇಡ. 2008ರ ನವೆಂಬರ್ 14ರಂದು ಚಂದ್ರನಿಗೆ ಅಪ್ಪಳಿಸಿದ, ಚಂದ್ರಯಾನ-1ರ ನಮ್ಮದೇ ಶೋಧಕದಲ್ಲಿದ್ದ 'ಚೇಸ್' ಉಪಕರಣ ಇಳಿಯುವ ದಾರಿಯಲ್ಲೇ ನೀರಿನ ಅಣುಗಳನ್ನು ಅಳೆದಿತ್ತು. ಅದರ ಪ್ರಬಂಧ ಅಚ್ಚಾದದ್ದು 2010ರಲ್ಲಿ, 'ಸೈನ್ಸ್' ಲೇಖನದ ನಂತರ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದೀಪಾವಳಿಗೆ ತಿರುಪ್ಪೂರಿಗೆ ಬಂದಾಗ ಒಂದು ದಿನ ಇಲ್ಲಿಗೂ ಬಸ್ ಹತ್ತು. ನಿನ್ನನ್ನು ಉಲ್ಲೇಖಿಸಿದ ಆ ನಾಲ್ಕು ಪ್ರಬಂಧಗಳ ಪ್ರಿಂಟ್ ತಾ. ನಿನ್ನ ಹೆಸರಿರುವ ವಾಕ್ಯಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿರು. ನಾನು ಕನ್ನಡಕ ಬದಲಾಯಿಸಿಕೊಂಡು ಕಾಯುತ್ತಿರುತ್ತೇನೆ, ಕೂತು ಒಂದೊಂದಾಗಿ ಓದೋಣ.

ಇಂತಿ,
ನಿನ್ನ ದೊಡ್ಡಪ್ಪ