ಮುಖಪುಟಕ್ಕೆ ಡ್ರ್ಯಾಗನ್ ಬೇಡ

ಅಮೆರಿಕದ ಏಷ್ಯನ್ ಓದುಗರಿಗಾಗಿ ಪತ್ರಿಕೆ ವಿನ್ಯಾಸ ಮಾಡಲು ಹೊರಟಿದ್ದೀರಾ? ಮೊದಲು ಆ ಡ್ರ್ಯಾಗನ್, ತಾವರೆ, ಕುಂಚದಲ್ಲಿ ಗೀಚಿದಂತೆ ಕಾಣುವ ‘ಚೈನೀಸ್ ಹೋಟೆಲ್’ ಶೈಲಿಯ ಇಂಗ್ಲಿಷ್ ಅಕ್ಷರ ಎಲ್ಲವನ್ನೂ ಪಕ್ಕಕ್ಕಿಡಿ. ಅಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಅವನ್ನು ಕಂಡರೆ ಅಜ್ಜಿಮನೆಗಿಂತ ಶಾಲೆಯಲ್ಲಿ ಕೇಳಿಸಿಕೊಂಡ ಗೇಲಿಯೇ ನೆನಪಾದೀತು.

‘ಏಷ್ಯನ್ ಅಮೆರಿಕನ್’ ಎಂಬ ಹೆಸರೇ 1968ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿಕೊಂಡದ್ದು. ಅದಕ್ಕೆ ಒಂದೇ ಮುಖ ಹುಡುಕಿದರೆ ಸಿಗದು. 1994ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ‘ಜೈಂಟ್ ರೋಬೋಟ್’ ಪತ್ರಿಕೆ ಮೊದಲಿಗೆ ಜೆರಾಕ್ಸ್ ಮಾಡಿ ಪಿನ್ ಹೊಡೆದ ಹಾಳೆಗಳಷ್ಟೇ. ಅದನ್ನು ಹೊರತಂದವರು ಗುರುತಿನ ಬಗ್ಗೆ ಭಾಷಣ ಬಿಗಿಯದೆ, ತಮಗಿಷ್ಟವಾದ ಸಿನಿಮಾ, ಸಂಗೀತ, ತಿಂಡಿಯ ಬಗ್ಗೆ ಬರೆದರು. ಜಾಣತನ!

ಇನ್ನೊಂದು ಮಾತು. ಫಾಂಟ್ ಆರಿಸುವ ಮುನ್ನ ಒಂದು ವಿಯೆಟ್ನಾಮಿ ಹೆಸರು ಹಾಕಿ ನೋಡಿ. ಕೆಲವು ಸ್ವರಗಳ ಮೇಲೆ ಎರಡೆರಡು ಚಿಹ್ನೆ ಕೂರುತ್ತವೆ. ಜಾಗ ಸಾಲದಿದ್ದರೆ ಮೇಲಿನ ಸಾಲಿಗೆ ತಲೆ ತಾಗುತ್ತದೆ. ಒತ್ತಕ್ಷರ ಕೆಳಸಾಲಿಗೆ ಇಳಿಯುವ ಪಾಡು ಕಂಡ ನಮಗೆ ಇದು ಹೊಸದೇನಲ್ಲ. ಚಿಹ್ನೆ ಬಿಟ್ಟರೆ ಹೆಸರೇ ಬೇರೆಯಾದೀತು. ಅಚ್ಚಿಗೆ ಕಳಿಸುವ ಮುನ್ನ ಹೆಸರಿನವರಿಗೆ ಒಮ್ಮೆ ತೋರಿಸಿಬಿಡಿ.